ಬಿಪಿ ನಾರ್ಮಲ್ ಬಂತೆಂದು ಮಾತ್ರೆ ನಿಲ್ಲಿಸುವ ಮುನ್ನ ಇದನ್ನು ಓದಿ

"ತಲೆನೋವಿಲ್ಲ, ತಲೆಸುತ್ತಿಲ್ಲ, ಬಿಪಿಯೂ ನಾರ್ಮಲ್ ಇದೆ. ಇನ್ನು ಮಾತ್ರೆ ಏಕೆ?" ಬಿಪಿ ಇರುವವರ ಮನೆಗಳಲ್ಲಿ ಆಗಾಗ ಕೇಳಿಬರುವ ಪ್ರಶ್ನೆ ಇದು. ಆದರೆ ಬಿಪಿ ಹತೋಟಿಯಲ್ಲಿ ಇರುವುದು ಸಾಮಾನ್ಯವಾಗಿ ಆ ಮಾತ್ರೆಯಿಂದಲೇ. ನಿಲ್ಲಿಸಿದರೆ ಮತ್ತೆ ಏರುತ್ತದೆ. ಏರಿದ್ದು ಬಹಳಷ್ಟು ಮಂದಿಗೆ ಗೊತ್ತಾಗುವುದೇ ಇಲ್ಲ.

ಯಾವುದು ಹೆಚ್ಚು?

ಹೃದಯ ಸಂಕುಚಿಸಿ ರಕ್ತ ತಳ್ಳುವಾಗಿನ ಒತ್ತಡ ಮೇಲಿನ ಸಂಖ್ಯೆ, ಹೃದಯ ಸಡಿಲಗೊಂಡಾಗಿನದು ಕೆಳಗಿನ ಸಂಖ್ಯೆ. ಬೇರೆ ಬೇರೆ ದಿನ ಕ್ಲಿನಿಕ್‌ನಲ್ಲಿ ನೋಡಿಸಿದಾಗ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಅಧಿಕ ರಕ್ತದೊತ್ತಡ. ಮನೆಯಲ್ಲಿ ಅಳೆದಾಗ ಸರಾಸರಿ 135/85 ಬಂದರೂ ವೈದ್ಯರಿಗೆ ತಿಳಿಸಬೇಕು. ವರ್ಷಗಟ್ಟಲೆ ಹೀಗೇ ಬಿಟ್ಟರೆ ಮಿದುಳು, ಹೃದಯ, ಮೂತ್ರಪಿಂಡ, ಕಣ್ಣಿಗೆ ಹಾನಿಯಾಗುತ್ತದೆ. ಪಾರ್ಶ್ವವಾಯುವಿಗೆ ಇದು ದೊಡ್ಡ ಕಾರಣ.

ಮನೆಯಲ್ಲಿ ಅಳೆಯುವುದು ಹೇಗೆ?

* ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ಟೀ, ಸಿಗರೇಟ್, ವ್ಯಾಯಾಮ ಬೇಡ. ಮೂತ್ರ ವಿಸರ್ಜಿಸಿ ಬನ್ನಿ.
* ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ 5 ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಹಾಕಬೇಡಿ.
* ಯಂತ್ರದ ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತದೆ ಬರಿಯ ತೋಳಿಗೆ ಸುತ್ತಿ. ತೋಳು ಎದೆಯ ಮಟ್ಟದಲ್ಲಿರಲಿ.
* ಮಾತನಾಡಬೇಡಿ. ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆದು, ದಿನಾಂಕದೊಂದಿಗೆ ಬರೆದಿಡಿ.

ಮುಂದಿನ ಭೇಟಿಯಲ್ಲಿ ಈ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಮಾತ್ರೆಯ ಪ್ರಮಾಣ ನಿರ್ಧರಿಸಲು ಒಂದು ದಿನದ ರೀಡಿಂಗ್‌ಗಿಂತ ಇದು ಹೆಚ್ಚು ಉಪಯುಕ್ತ.

ಉಪ್ಪು ಎಲ್ಲೆಲ್ಲಿದೆ?

ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರಿಗೆ ಉಪ್ಪು ಕಡಿಮೆ ಹಾಕಿ, ಊರಿನಿಂದ ಬಂದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿಯನ್ನು ದಿನವೂ ತಿಂದರೆ ಲೆಕ್ಕ ತಪ್ಪುತ್ತದೆ. ಪಾವ್, ಬ್ರೆಡ್, ಫರ್ಸಾಣ್, ಇನ್‌ಸ್ಟಂಟ್ ನೂಡಲ್ಸ್‌ನಲ್ಲೂ ಉಪ್ಪಿದೆ. 'ಲೋ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಷಿಯಂ ಇರುವುದರಿಂದ, ಮೂತ್ರಪಿಂಡದ ಸಮಸ್ಯೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು.

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯೂ ಬಿಪಿ ಇಳಿಸಲು ನೆರವಾಗುತ್ತದೆ.

ಮಾತ್ರೆಯ ವಿಷಯದಲ್ಲಿ

* ದಿನವೂ ಒಂದೇ ಹೊತ್ತಿಗೆ ತೆಗೆದುಕೊಳ್ಳಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ.
* ಆಮ್ಲೋಡಿಪಿನ್‌ನಿಂದ ಕೆಲವರಿಗೆ ಕಾಲು ಊದಿಕೊಳ್ಳುತ್ತದೆ, ರಾಮಿಪ್ರಿಲ್‌ನಿಂದ ಒಣಕೆಮ್ಮು ಬರಬಹುದು. ಹಾಗಾದರೆ ನೀವೇ ನಿಲ್ಲಿಸಬೇಡಿ, ವೈದ್ಯರು ಬೇರೆ ಮಾತ್ರೆ ಕೊಡಬಲ್ಲರು.
* ಮಂಡಿನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಪದೇ ಪದೇ ನುಂಗಿದರೆ ಬಿಪಿ ಏರಬಹುದು.
* ಗರ್ಭಿಣಿಯರಿಗೆ ಕೆಲವು ಬಿಪಿ ಮಾತ್ರೆ ಸುರಕ್ಷಿತವಲ್ಲ. ಮಗುವಿನ ಯೋಚನೆ ಇದ್ದರೆ ಮೊದಲೇ ತಿಳಿಸಿ.
* ಊರು ಬದಲಾಯಿಸುವಾಗ ಅಥವಾ ರಜೆಗೆ ಹೋಗುವಾಗ ಚೀಟಿಯ ಫೋಟೊ ಮೊಬೈಲ್‌ನಲ್ಲಿರಲಿ. ಬ್ರ್ಯಾಂಡ್ ಬೇರೆಯಾದರೂ ಔಷಧದ ಮೂಲ ಹೆಸರು ಗೊತ್ತಿದ್ದರೆ ಎಲ್ಲಿಯಾದರೂ ಕೊಳ್ಳಬಹುದು. ಜನೌಷಧಿ ಕೇಂದ್ರಗಳಲ್ಲಿ ಇವು ಕಡಿಮೆ ಬೆಲೆಗೆ ಸಿಗುತ್ತವೆ.

ತೂಕ ಇಳಿದು, ಉಪ್ಪು ಕಡಿಮೆಯಾಗಿ ಬಿಪಿ ಬಹುಕಾಲ ಹತೋಟಿಯಲ್ಲಿದ್ದರೆ ಪ್ರಮಾಣ ತಗ್ಗಿಸುವುದುಂಟು. ಆ ನಿರ್ಧಾರ ವೈದ್ಯರದ್ದೇ ಆಗಿರಬೇಕು.

ಯಾವಾಗ ತಡಮಾಡಬಾರದು?

ಬಿಪಿ 180/120 ದಾಟಿದರೆ ಕೆಲವು ನಿಮಿಷ ವಿಶ್ರಾಂತಿ ಪಡೆದು ಮತ್ತೆ ಅಳೆಯಿರಿ. ಇಳಿಯದಿದ್ದರೆ ಅದೇ ದಿನ ವೈದ್ಯರನ್ನು ಕಾಣಿ. ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಬಲ ಕಳೆದುಕೊಳ್ಳುವುದು ಕಂಡರೆ ಬಿಪಿ ಅಳೆಯುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಿ.

(ಗಮನಿಸಿ: ಇದು ಸಾಮಾನ್ಯ ಮಾಹಿತಿ ಮಾತ್ರ. ಚಿಕಿತ್ಸೆಗೆ ನಿಮ್ಮ ವೈದ್ಯರ ಸಲಹೆ ಪಡೆಯಿರಿ.)