ನಡುವಿನ ಕೊಂಡಿ: ಕರಾವಳಿಯ ಗದ್ಯದಲ್ಲಿ ಕಾರಣ ಮತ್ತು ಪರಿಣಾಮ

ಹೆಜಮಾಡಿ ಕೋಡಿಯ ಬಳಿ ಶಾಂಭವಿ, ನಂದಿನಿ ಎರಡೂ ಹೊಳೆಗಳು ಕೂಡಿ ಕಡಲು ಸೇರುತ್ತವೆ. ಆ ಅಳಿವೆಯಿಂದ ಪಡುಬಿದ್ರಿ, ಕಾಪುವಿನವರೆಗಿನ ದಂಡೆಯಲ್ಲಿ ಕಡಲ್ಕೊರೆತದ ಸುದ್ದಿಯಿಲ್ಲದೆ ಮಳೆಗಾಲ ಮುಗಿಯುವುದು ಅಪರೂಪ. ಈ ಭಾಗದ ಹೈಸ್ಕೂಲು ಮಕ್ಕಳಿಗೆ ಇದೇ ವಿಷಯ ಕೊಟ್ಟು ಪ್ರಬಂಧ ಬರೆಯಿರಿ ಎಂದರೆ ಉತ್ತರದ ಚೌಕಟ್ಟು ಮೊದಲೇ ಸಿದ್ಧವಾಗಿರುತ್ತದೆ: ಪೀಠಿಕೆ, ಕಾರಣಗಳು, ಪರಿಣಾಮಗಳು, ಪರಿಹಾರಗಳು, ಉಪಸಂಹಾರ. ಕಾರಣಗಳ ಕೆಳಗೆ ಮರಳುಗಾರಿಕೆ, ಹವಾಮಾನ ಬದಲಾವಣೆ. ಪರಿಣಾಮಗಳ ಕೆಳಗೆ ಉರುಳಿದ ತೆಂಗು, ಕುಸಿದ ರಸ್ತೆ, ಮನೆ ಬಿಟ್ಟ ಮೀನುಗಾರರು. ಎರಡು ಪಟ್ಟಿಗಳಲ್ಲೂ ತಪ್ಪಿಲ್ಲ. ಆದರೆ ಮರಳು ತೆಗೆದದ್ದು ಹೊಳೆಯಲ್ಲಿ, ತೆಂಗು ಉರುಳಿದ್ದು ಕಡಲ ದಂಡೆಯಲ್ಲಿ. ಇವೆರಡರ ನಡುವೆ ಏನಾಯಿತು ಎಂಬುದು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ.

ಸಿಗಬೇಕಾದದ್ದು ಇದು. ಮುಂಗಾರಿನ ದೊಡ್ಡ ಅಲೆಗಳು ದಂಡೆಯ ಮರಳನ್ನು ಕಡಲೊಳಕ್ಕೆ ಎಳೆದೊಯ್ಯುತ್ತವೆ. ಮಳೆಗಾಲ ಕಳೆದ ಮೇಲೆ ಸಣ್ಣ ಅಲೆಗಳು ಅದರ ಬಹುಭಾಗವನ್ನು ತಂದು ಹಾಕುತ್ತವೆ. ಕಳೆದುಹೋದ ಪಾಲನ್ನು ತುಂಬಿಕೊಡುವುದು ಹೊಳೆ ಒಳನಾಡಿನಿಂದ ಹೊತ್ತು ತರುವ ಹೊಸ ಮರಳು. ಹೊಳೆಯಲ್ಲೇ ಅದನ್ನು ಎತ್ತಿದರೆ ಆ ಪಾಲು ತುಂಬುವುದಿಲ್ಲ, ದಂಡೆ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ, ಮೊದಲು ತೆಂಗಿನ ಬುಡಕ್ಕೆ ತಲುಪದಿದ್ದ ಅಲೆ ಈಗ ತಲುಪುತ್ತದೆ. ಕಲ್ಲಿನ ತಡೆಗೋಡೆ ಕಟ್ಟಿದರೆ ಅದರ ಹಿಂದಿನ ನೆಲ ಉಳಿಯುತ್ತದೆ, ಗೋಡೆ ಮುಗಿಯುವ ಕಡೆ ಕೊರೆತ ಹೆಚ್ಚುತ್ತದೆ. ಈ ಕೆಲವು ವಾಕ್ಯಗಳಲ್ಲಿ ಒಂದು ಪ್ಯಾರಾ ಇದೆ. ಶೀರ್ಷಿಕೆಗಳ ಪದ್ಧತಿ ಕಾರಣವನ್ನು ಒಂದು ಪುಟಕ್ಕೆ, ಪರಿಣಾಮವನ್ನು ಇನ್ನೊಂದು ಪುಟಕ್ಕೆ ಹಾಕಿ ಅದನ್ನು ಹುಟ್ಟಲು ಬಿಡುವುದೇ ಇಲ್ಲ.

ನಡುವಿನ ಈ ಕೊಂಡಿಯನ್ನು ಬರೆಯುವ ಶಕ್ತಿ ಕನ್ನಡಕ್ಕೆ ಎಲ್ಲಿಂದ ಬಂತು? ನನಗೆ ಕಾಣುವಂತೆ, ತರಗತಿಯ ಪ್ರಬಂಧಕ್ಕಿಂತ ಹೆಚ್ಚಾಗಿ ‘ಅದು ಹೇಗೆ?’ ಎಂದು ತಿರುಗಿ ಕೇಳುವವರು ಎದುರಿಗೆ ಕೂತಿದ್ದ ಜಾಗಗಳಿಂದ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಅಂದರೆ ಇಂದಿನ ಉಡುಪಿ, ಮಂಗಳೂರು, ಕಾಸರಗೋಡುಗಳಲ್ಲಿ, ಇಂಥ ಜಾಗಗಳು ಹಲವಾರು.

ಕಾರಣವೆಂದರೇನು ಎಂಬ ಪ್ರಶ್ನೆಯನ್ನು ನಮ್ಮ ತಾರ್ಕಿಕರು ಬಹಳ ಹಿಂದೆಯೇ ಅರೆದು ನೋಡಿದ್ದರು. 17ನೇ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ ಇವತ್ತಿಗೂ ತರ್ಕದ ಮೊದಲ ಪಾಠ. ಕಾರ್ಯಕ್ಕೆ ಮುಂಚೆ ತಪ್ಪದೆ ಇರುವಂಥದ್ದು ಕಾರಣ ಎಂದು ನೈಯಾಯಿಕರು ಹೇಳಿದರು. ಅಷ್ಟು ಸಾಲದು ಎಂದು ಅವರಿಗೆ ಕೂಡಲೇ ಹೊಳೆಯಿತು. ಮಡಕೆ ಆಗುವ ಮುಂಚೆ ಮಣ್ಣು ಹೊತ್ತು ತಂದ ಕತ್ತೆಯೂ ಇತ್ತು, ಕುಂಬಾರನ ಅಪ್ಪನೂ ಇದ್ದ. ಹಾಗೆಂದು ಕತ್ತೆಯನ್ನು ಮಡಕೆಯ ಕಾರಣ ಎನ್ನಲಾದೀತೆ? ಮುಂಚೆ ಇದ್ದೂ ಕಾರ್ಯಕ್ಕೆ ಬೇಕಾಗದ ಇಂಥವನ್ನು ‘ಅನ್ಯಥಾಸಿದ್ಧ’ ಎಂದು ಕರೆದು ಹೊರಗಿಟ್ಟರು. ಪ್ರಬಂಧ ಬರೆಯುವ ಯಾರಿಗಾದರೂ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನಾನು ಕಂಡಿಲ್ಲ. ಟಿ.ವಿ. ಬಂತು, ಓದು ಕಡಿಮೆಯಾಯಿತು ಎಂಬಂಥ ವಾಕ್ಯ ಬರೆದಾಗಲೆಲ್ಲ ನಾವು ಕೇಳಿಕೊಳ್ಳಬೇಕಾದದ್ದು, ಇಲ್ಲಿ ಟಿ.ವಿ. ಕುಂಬಾರನೋ ಕತ್ತೆಯೋ ಎಂದು. ಉಡುಪಿಯ ಮಠಗಳ ಪಾಠಗಳಲ್ಲಿ ಈ ತರ್ಕ ತಲೆಮಾರುಗಳಿಂದ ನಡೆದುಬಂದಿದೆ, ಆದರೆ ಸಂಸ್ಕೃತದಲ್ಲಿ. ಕನ್ನಡ ಗದ್ಯಕ್ಕೆ ಅದು ಇಳಿದು ಬಂದದ್ದು ಕಡಿಮೆ.

ಇಳಿಯದಿರಲು ಭಾಷೆಯೂ ಒಂದು ಕಾರಣವಿರಬಹುದು. ‘ಮಳೆ ಬಂದು, ಹೊಳೆ ತುಂಬಿ, ದಾರಿ ಮುಚ್ಚಿತು’ ಎನ್ನುವುದು ನಮ್ಮ ಕತೆಗಾರಿಕೆಯ ಸಹಜ ವಾಕ್ಯ. ಬಂದು, ತುಂಬಿ ಎಂಬ ರೂಪಗಳು ಒಂದರ ನಂತರ ಒಂದು ನಡೆಯಿತು ಎನ್ನುತ್ತವೆ, ಒಂದರಿಂದ ಒಂದು ನಡೆಯಿತೇ ಎಂಬುದನ್ನು ಕೇಳುವವರ ಊಹೆಗೆ ಬಿಡುತ್ತವೆ. ಕತೆಗೆ ಅದು ಓಟ ಕೊಡುತ್ತದೆ. ವಿಚಾರದ ಬರವಣಿಗೆಯಲ್ಲಿ ಮಾತ್ರ ಆ ಓಟದ ಮರೆಯಲ್ಲಿ ಕತ್ತೆಯೂ ದಾಟಿಬಿಡುತ್ತದೆ.

ತಾಳೆಗರಿಯಲ್ಲಿ ಪ್ಯಾರಾ ಇರಲಿಲ್ಲ, ಸಾಲು ಸಾಲಿಗೆ ಅಂಟಿಕೊಂಡೇ ಹೋಗುತ್ತಿತ್ತು. ಗದ್ಯವನ್ನು ತುಂಡು ತುಂಡಾಗಿ ಕಾಣುವ ಅಭ್ಯಾಸವನ್ನು ಬೆಳೆಸಿದ್ದು ಮುದ್ರಣ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಅದೇ ವರ್ಷ ಲಂಡನ್ನಿನಲ್ಲಿ ಜಾನ್ ಸ್ಟೂವರ್ಟ್ ಮಿಲ್‌ನ ತರ್ಕಗ್ರಂಥ ಅಚ್ಚಾಯಿತು. ಎರಡು ಸಂದರ್ಭಗಳಲ್ಲಿ ಉಳಿದುದೆಲ್ಲ ಒಂದೇ ಆಗಿದ್ದು ಒಂದೇ ಒಂದು ಅಂಶ ಬೇರೆಯಾಗಿದ್ದರೆ, ಫಲವೂ ಬೇರೆಯಾದರೆ, ಆ ಅಂಶದಲ್ಲೇ ಕಾರಣವನ್ನು ಹುಡುಕು ಎಂಬುದು ಅವನು ಹೇಳಿದ ವಿಧಾನಗಳಲ್ಲೊಂದು. ಮಿಲ್‌ನ ಗೆಳೆಯ, ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ 1866ರಲ್ಲಿ ಪ್ಯಾರಾ ಕಟ್ಟುವುದಕ್ಕೆ ನಿಯಮಗಳನ್ನು ಬರೆದ: ಮೊದಲ ವಾಕ್ಯ ವಿಷಯ ಸೂಚಿಸಬೇಕು, ಪ್ರತಿ ವಾಕ್ಯಕ್ಕೂ ಹಿಂದಿನದರ ಜೊತೆ ಸಂಬಂಧ ಕಾಣಬೇಕು. ನಮ್ಮ ಜಿಲ್ಲೆ 1956ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ಇಂಗ್ಲಿಷಿನ ರಚನಾಪಾಠ ಇಲ್ಲಿಯ ಶಾಲೆಗಳಿಗೆ ಬಂದದ್ದು ಆ ದಾರಿಯಲ್ಲಿ. ಬರುಬರುತ್ತ ಬೇನ್‌ನ ನಿಯಮಗಳ ಹೊರ ಆಕಾರ ಉಳಿಯಿತು, ಒಳಗಿದ್ದ ಮಿಲ್ ಕಳೆದುಹೋದ. ಪರೀಕ್ಷೆಯ ಪ್ರಬಂಧದಲ್ಲಿ ಇಂದು ಕಾಣುವುದು ಆ ಆಕಾರ.

19ನೇ ಶತಮಾನದ ಕೊನೆಯಲ್ಲಿ, ಹೆಜಮಾಡಿಯಿಂದ ಹೆಚ್ಚು ದೂರವಲ್ಲದ ನಂದಳಿಕೆಯಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದುಕೊಂಡು ಮುದ್ದಣ ಎಂಬ ಹೆಸರಿನಲ್ಲಿ ಬರೆದರು. 1870ರಿಂದ 1901ರವರೆಗಿನ ಚಿಕ್ಕ ಬಾಳು. ‘ಶ್ರೀರಾಮಾಶ್ವಮೇಧ’ದ ನಡುನಡುವೆ ಕತೆ ಕೇಳುವ ಮಡದಿ ಮನೋರಮೆ ಬಾಯಿ ಹಾಕಿ ಕೇಳುತ್ತಾಳೆ, ಆಕ್ಷೇಪಿಸುತ್ತಾಳೆ, ಅರ್ಥವಾಗದ್ದನ್ನು ಬಿಡಿಸಿ ಹೇಳೆನ್ನುತ್ತಾಳೆ. ಈ ಸಲ್ಲಾಪವನ್ನು ನಾವು ಸಾಮಾನ್ಯವಾಗಿ ಸರಸವೆಂದು ಓದುತ್ತೇವೆ. ಕೇಳುವವಳೊಬ್ಬಳನ್ನು ಗದ್ಯದ ಒಳಗೇ ಕೂರಿಸಿದ್ದು ಹೊಸಗನ್ನಡದ ಹೊಸ್ತಿಲಲ್ಲಿ ದೊಡ್ಡ ಹೆಜ್ಜೆಯೆಂದೂ ನಾನು ಎಣಿಸುತ್ತೇನೆ.

ಬರಹದಲ್ಲಿ ಮುದ್ದಣ ಮಾಡಿದ್ದನ್ನು ಮಾತಿನಲ್ಲಿ ತಾಳಮದ್ದಳೆ ಮಾಡುತ್ತ ಬಂದಿದೆ. ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿ ಕೂತಲ್ಲೇ ಅದನ್ನು ಬೆಳೆಸಬೇಕು. ವಾಲಿವಧೆಯಲ್ಲಿ ಬಾಣ ನಾಟಿಸಿಕೊಂಡ ವಾಲಿ ಮರೆಯಲ್ಲಿ ನಿಂತು ಹೊಡೆದೆಯೇಕೆ ಎಂದು ಕೇಳುತ್ತಾನೆ. ರಾಮನ ಅರ್ಥ ಹೇಳುವವರು ಕಾರಣ ಕೊಟ್ಟರೆ ಸಾಲದು, ಆ ಕಾರಣದಿಂದ ಈ ಕೆಲಸವೇ ಏಕೆ ಹುಟ್ಟಬೇಕಾಯಿತು, ಬೇರೆ ದಾರಿ ಏಕೆ ಆಗಲಿಲ್ಲ ಎಂದೂ ತೋರಿಸಬೇಕು. ತೋರಿಸದಿದ್ದರೆ ಎದುರು ಕೂತವರು ಅಲ್ಲೇ ಹಿಡಿಯುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ವಾದಸರಣಿಯನ್ನು ಜನ ರಾತ್ರಿಯಿಡೀ ಕೂತು ಕೇಳಿದ್ದು ಇದೇ ರುಚಿಗಾಗಿ. ಸಭೆಯಲ್ಲಿ ಎದುರಾಳಿ ಕಣ್ಣಿಗೆ ಕಾಣುತ್ತಾನೆ. ಬರೆಯುವವರು ಅವನನ್ನು ತಾವೇ ಕಲ್ಪಿಸಿಕೊಂಡು ಅವನ ಆಕ್ಷೇಪಕ್ಕೂ ಪ್ಯಾರಾದಲ್ಲಿ ಜಾಗ ಕೊಡಬೇಕಾಗುತ್ತದೆ. ನಮ್ಮ ಶಾಲೆಗಳ ಪ್ರಬಂಧ ಪಾಠ ತಾಳಮದ್ದಳೆಯ ಕಡೆ ಕಣ್ಣು ಹಾಯಿಸಿದ್ದರೆ ಎಷ್ಟು ಗಳಿಸುತ್ತಿತ್ತು!

20ನೇ ಶತಮಾನದ ಮೊದಲ ಅರ್ಧದಲ್ಲಿ ಕನ್ನಡ ಪ್ರಬಂಧ ಒಲಿದದ್ದು ಬೇರೆ ಕಡೆಗೆ. ಗೊರೂರರ ‘ಹಳ್ಳಿಯ ಚಿತ್ರಗಳು’, ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಲಲಿತ ಪ್ರಬಂಧವನ್ನು ಎಲ್ಲರ ಪ್ರೀತಿಗೆ ತಂದವು. ಮನಸ್ಸು ಅಲೆದಾಡುವುದೇ ಅದರ ಚೆಲುವು. ಹೇತು ಹುಡುಕುವ ಗದ್ಯ ಪತ್ರಿಕೆಗಳಿಗೆ ಸರಿಯಿತು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ವಿಜ್ಞಾನ’ ಬಹುಕಾಲ ಬಾಳಲಿಲ್ಲ. 1919ರಲ್ಲಿ ಹುಟ್ಟಿದ ‘ಪ್ರಬುದ್ಧ ಕರ್ಣಾಟಕ’ ಬಾಳಿತು. ಕರಾವಳಿಯಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಕಾಲನಿರ್ಣಯದ ಲೇಖನಗಳಲ್ಲಿ, ಸೇಡಿಯಾಪು ಕೃಷ್ಣ ಭಟ್ಟರು ‘ಕೆಲವು ದೇಶನಾಮಗಳು’ ಮುಂತಾದ ಕೃತಿಗಳಲ್ಲಿ ಆಧಾರ, ಆಕ್ಷೇಪ, ಸಮಾಧಾನ ಎಂಬ ಕ್ರಮವನ್ನು ಬಿಗಿಯಾಗಿ ಹಿಡಿದರು. ಸೇಡಿಯಾಪು ಅವರ ಗದ್ಯದಲ್ಲಿ ಶಾಸ್ತ್ರಾಭ್ಯಾಸದ ಶಿಸ್ತು ಕನ್ನಡದ ಮೈಗೆ ಹೊಂದಿ ನಿಂತಿದೆ. ಅದನ್ನು ಓದುವವರು ವಿದ್ವಾಂಸರಷ್ಟೇ ಆದರು ಎಂಬುದು ನನಗೆ ಇವತ್ತಿಗೂ ನೋವು.

ಕಾರಣ ಬಿಡಿಸಿ ಹೇಳುವ ಗದ್ಯವನ್ನು ಕೋಟದ ಶಿವರಾಮ ಕಾರಂತರು ಮನೆಮನೆಗೆ ತಂದರು. 1936ರ ‘ಬಾಲಪ್ರಪಂಚ’ದ ಮೂರು ಸಂಪುಟಗಳು, ಆಮೇಲೆ 1959ರಿಂದ ಬಂದ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳು ಒಬ್ಬರೇ ಕೂತು ಮಾಡಿದ ಕೆಲಸ. ಮಕ್ಕಳಿಗಾಗಿ ಬರೆಯುವವರಿಗೆ ಕೊಂಡಿ ಹಾರಿಸುವ ಅವಕಾಶವಿಲ್ಲ. ದೊಡ್ಡವರು ಗೊತ್ತಿಲ್ಲದ್ದನ್ನೂ ತಲೆಯಾಡಿಸಿ ಒಪ್ಪುತ್ತಾರೆ, ಮಗು ಒಪ್ಪುವುದಿಲ್ಲ. ಕಾರಂತರ ಕಾದಂಬರಿಗಳಲ್ಲೂ ಇದೇ ಕಣ್ಣು ಇದೆ. ‘ಮರಳಿ ಮಣ್ಣಿಗೆ’ ಮೂರು ತಲೆಮಾರುಗಳ ಕತೆ. ಇಂಗ್ಲಿಷ್ ವಿದ್ಯೆ, ಪೇಟೆಯ ಸಂಪಾದನೆ, ಊರಿನ ಗದ್ದೆಗಳ ಪಾಡು ಒಂದನ್ನೊಂದು ಹೇಗೆ ಎಳೆದವು ಎಂಬುದನ್ನು ಅದು ನಿಧಾನವಾಗಿ ಬಿಚ್ಚುತ್ತದೆ. ಲಚ್ಚ ಹಾಳಾದದ್ದಕ್ಕೆ ಓದನ್ನೊಂದನ್ನೇ ದೂರಿ ಕಾರಂತರು ಕೈತೊಳೆದುಕೊಳ್ಳುವುದಿಲ್ಲ, ಏಕೆಂದರೆ ಓದಿದ ಅವನ ಮಗ ರಾಮ ಮಣ್ಣಿಗೆ ಮರಳುತ್ತಾನೆ. ಮಿಲ್ ಹೇಳಿದ ಹೋಲಿಕೆಯ ವಿಧಾನ ಇಲ್ಲಿ ಅಪ್ಪ ಮತ್ತು ಮಗನ ರೂಪದಲ್ಲಿ ಬಂದಿದೆ ಎಂದು ನಾನು ಓದುತ್ತೇನೆ.

ಮಣಿಪಾಲದಿಂದ 1970ರ ಜನವರಿ 1ರಂದು ‘ಉದಯವಾಣಿ’ಯೂ 1983ರಲ್ಲಿ ‘ತರಂಗ’ವೂ ಬಂದ ಮೇಲೆ ಊರ ಸಮಸ್ಯೆಗಳ ಮೇಲೆ ಬರೆಯುವವರ ಸಂಖ್ಯೆ ಬೆಳೆಯಿತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಶಾಲೆಗಳನ್ನು ತಲುಪಿತು.

ನಿಜವಾದ ತಿರುವು ಎಂದು ನಾನು ಎಣಿಸುವುದು 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ಯನ್ನು. ಶ್ರೀಪಡ್ರೆ ಮತ್ತು ಗೆಳೆಯರು ‘ಕೃಷಿಕರ ಕೈಗೆ ಲೇಖನಿ’ ಎಂಬ ಹೆಸರಿನಲ್ಲಿ ಶಿಬಿರಗಳನ್ನು ನಡೆಸಿ ತೋಟದಲ್ಲಿ ದುಡಿಯುವವರಿಗೇ ಬರೆಯಲು ಕಲಿಸಿದರು. ಓದುವವನೂ ಕೃಷಿಕ, ಬರೆಯುವವನೂ ಕೃಷಿಕ. ಅಡಿಕೆಯ ಕೊಳೆರೋಗವನ್ನೇ ನೋಡಿ. ಅದರ ಹಿಂದಿನ ರೋಗಾಣುವನ್ನು ಗುರುತಿಸಿ ವಿವರಿಸಿದ್ದು ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್, 1910ರಲ್ಲಿ. ಬೋರ್ಡೋ ದ್ರಾವಣದ ಸಿಂಪರಣೆ ಮನೆಮಾತಾದದ್ದು ಆಮೇಲೆ. ಮಳೆಗೆ ಮುಂಚೆ ಮದ್ದು ಬಿಟ್ಟೆ, ಕೊಳೆ ಬರಲಿಲ್ಲ ಎಂದು ಒಬ್ಬರು ಬರೆದರೆ ಪಕ್ಕದ ಊರಿನವರು ಕೇಳುವ ಪ್ರಶ್ನೆಗಳು ನೇರ: ನಿಮ್ಮಲ್ಲಿ ಆ ವರ್ಷ ಮಳೆ ಎಷ್ಟು? ನಡುವೆ ಬಿಸಿಲು ಕಾಣಿಸಿತೇ? ನೀರು ಬಸಿದು ಹೋಗುವ ಕಣಿ ಸರಿಯಿತ್ತೇ? ಮದ್ದು ಬಿಡದ ನೆರೆಯ ತೋಟದಲ್ಲಿ ಏನಾಯಿತು? ಉತ್ತರ ಸಿಗದಿದ್ದರೆ ಆ ಲೇಖನವನ್ನು ನಂಬಿ ಯಾರೂ ದುಡ್ಡು ಹಾಕುವುದಿಲ್ಲ. ತಪ್ಪಿದ ಕಾರಣಕ್ಕೆ ಇಲ್ಲಿ ಕಳೆಯುವುದು ಅಂಕವಲ್ಲ, ಒಂದು ವರ್ಷದ ಫಸಲು. ಕುಂಬಾರನ ಕತ್ತೆಯನ್ನು ಹಿಡಿಯುವ ತರ್ಕ ಕನ್ನಡದಲ್ಲಿ ಸಾಮಾನ್ಯ ಓದುಗರ ಸ್ವಂತ ಕೈಗೆ ಬಂದದ್ದು ಇಲ್ಲಿ ಎಂದರೆ ಅತಿಶಯವಲ್ಲ.

ಅದೇ ಶ್ರೀಪಡ್ರೆಯವರ ಊರಾದ ಪಡ್ರೆಯಲ್ಲಿ ಇದಕ್ಕಿಂತ ಬಹಳ ಕಠಿಣವಾದ ಪರೀಕ್ಷೆ ನಡೆಯಿತು. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಲಾಯಿತು. ಅಂಗವಿಕಲ ಕರುಗಳು ಹುಟ್ಟಿದ್ದನ್ನು ಶ್ರೀಪಡ್ರೆ 1980ರ ದಶಕದ ಆರಂಭದಲ್ಲೇ ಬರೆದರು. ಪಡ್ರೆಯಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿಗೆ ಬರುವ ಕಾಯಿಲೆಗಳಲ್ಲಿ ವಿಚಿತ್ರವಾದ ಹೋಲಿಕೆ ಕಂಡು ದಾಖಲಿಸುತ್ತ ಹೋದರು. ಸಿಂಪರಣೆ ಮೊದಲು, ಕಾಯಿಲೆ ಆಮೇಲೆ ಎಂಬುದಷ್ಟೇ ಸಾಕ್ಷಿಯಾಗದು ಎಂದು ವಾದಿಸುವವರು ಇದ್ದರು, ಆ ಆಕ್ಷೇಪವನ್ನು ಎದುರಿಸಲೇಬೇಕಿತ್ತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಮಕ್ಕಳನ್ನು ಸಿಂಪರಣೆಯಿಲ್ಲದ ಇನ್ನೊಂದು ಊರಿನ ಮಕ್ಕಳ ಜೊತೆ ಹೋಲಿಸಿ ನೋಡಿದ್ದು ಅದಕ್ಕಾಗಿಯೇ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಹಿಡಿಯಿತು. ಆ ವರ್ಷಗಳ ಬರಹಗಳನ್ನು ಓದುವಾಗ ನನ್ನ ಕಣ್ಣಿಗೆ ಬೀಳುವುದು ಕೋಪಕ್ಕಿಂತ ಹೆಚ್ಚಾಗಿ ವಿವರ: ಯಾವ ತೋಟದ ಯಾವ ಮಗ್ಗುಲಲ್ಲಿ ಮನೆ, ಕುಡಿಯುವ ನೀರು ಯಾವ ತೋಡಿನದು. ಕೊಂಡಿ ಇರುವುದು ಆ ತೋಡಿನಲ್ಲಿ.

ಇಂಥ ಕೊಂಡಿಯನ್ನು ಇನ್ನೂ ಬರೆಯಬೇಕಾದ ಜಾಗಗಳಿವೆ. ಕಾಪು ತಾಲೂಕಿನ ಎಲ್ಲೂರಿನಲ್ಲಿ 1200 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ 2010ರಿಂದ ಕೆಲಸ ಮಾಡುತ್ತಿದೆ. ಅದರ ವಿರುದ್ಧ ನಂದಿಕೂರಿನ ಜನಜಾಗೃತಿ ಸಮಿತಿ ಹೂಡಿದ ದಾವೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ 2022ರಲ್ಲಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಸುತ್ತಲಿನ ಕೃಷಿಯ ಮೇಲೆ ಸ್ಥಾವರದ ಪರಿಣಾಮ ಬರೆಯ ಹೊರಟವರಿಗೆ ಶಂಕರಪುರ ಮಲ್ಲಿಗೆಯಂಥ ಬೆಳೆ ಸುಲಭದ ವಸ್ತುವಲ್ಲ. ಹೂವಿನ ಇಳುವರಿಯನ್ನು ಮಳೆಯೂ ಚಳಿಯೂ ರೋಗವೂ ಗಿಡದ ವಯಸ್ಸೂ ಏರಿಳಿಸುತ್ತವೆ. ಹಾಗಾಗಿ ಸ್ಥಾವರದಿಂದ ಗಾಳಿ ಬೀಸುವ ದಿಕ್ಕಿನ ತೋಟಗಳನ್ನೂ ಆ ದಿಕ್ಕಿಗೆ ಬೀಳದ ತೋಟಗಳನ್ನೂ ಒಂದೇ ವರ್ಷದಲ್ಲಿ ಹೋಲಿಸಬೇಕಾಗುತ್ತದೆ, 2010ಕ್ಕಿಂತ ಹಿಂದಿನ ಲೆಕ್ಕವೂ ಬೇಕಾಗುತ್ತದೆ. ಆ ಲೆಕ್ಕ ಸಿಗುವ ಸಾಧ್ಯತೆ ಇರುವುದು ಮಲ್ಲಿಗೆ ಬೆಳೆದು ದಿನದಿನದ ಹೂವನ್ನು ಅಟ್ಟಿ, ಚೆಂಡುಗಳ ಲೆಕ್ಕದಲ್ಲಿ ಖರೀದಿಯ ಕಟ್ಟೆಗೆ ಕೊಟ್ಟು ಚೀಟಿ ಪಡೆಯುತ್ತ ಬಂದ ಮನೆಗಳ ಹೆಂಗಸರ ಬಳಿ. ಅವರ ಕೈಗೂ ಲೇಖನಿ ಬರಬೇಕು.