ಬೆಡಗು ಮತ್ತು ಬೀಜ

ಮೋಟೆಬೆನ್ನೂರು, ಬ್ಯಾಡಗಿ, ರಾಣೆಬೆನ್ನೂರುಗಳ ಸೀಮೆಯಲ್ಲಿ ಕನ್ಯೆ ನೋಡಬಂದ ಹಿರಿಯರು ಜಮಖಾನದ ಮೇಲೆ ಕುಳಿತೊಡನೆ ಕೇಳುತ್ತಿದ್ದುದು ಬೆಡಗನ್ನು, ಎಂದರೆ ವಂಶದ ಹೆಸರನ್ನು. ಲಿಂಗಾಯತರೇ ಮೊದಲಾದ ಹಲವು ಸಮುದಾಯಗಳಲ್ಲಿ ವಧೂವರರ ಬೆಡಗು ಒಂದೇ ಎಂದು ತಿಳಿದರೆ, ಆ ಮನೆತನಗಳಿಗೆ ತಲೆತಲಾಂತರದಿಂದ ಪರಿಚಯವೇ ಇಲ್ಲದಿದ್ದರೂ ಅವರು ಅಣ್ಣತಂಗಿಯರೆನಿಸುತ್ತಿದ್ದರು. ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತರುವುದಕ್ಕೆ ಅಡ್ಡಿಯಿರಲಿಲ್ಲ. ಬೆಡಗು ತಂದೆಯಿಂದ ಬರತಕ್ಕದ್ದಾದುದರಿಂದ ಅಕ್ಕನ ಮಗಳು ಭಾವನ ಬೆಡಗಿನವಳು.

ಈ ರೂಢಿ ಬಹು ಪ್ರಾಚೀನವಾದುದು. ಮಾವನ ಮಗಳನ್ನೂ ಅತ್ತೆಯ ಮಗಳನ್ನೂ ವರಿಸುವುದನ್ನು ಬೌಧಾಯನ ಧರ್ಮಸೂತ್ರವು ದಕ್ಷಿಣದವರ ಐದು ವಿಶೇಷಾಚಾರಗಳಲ್ಲಿ ಎಣಿಸಿದೆ. 1955ರ ಹಿಂದೂ ವಿವಾಹ ಕಾಯಿದೆಯೂ ನಿಷಿದ್ಧ ಸಂಬಂಧಗಳನ್ನು ಹೆಸರಿಸುತ್ತ, ರೂಢಿಯಿದ್ದಲ್ಲಿ ಅವಕ್ಕೆ ಎಡೆಗೊಟ್ಟಿದೆ. ಆಸ್ತಿ ಹೊರಗೆ ಹೋಗಬಾರದು, ಮಗಳು ಕಂಡ ಮನೆಯಲ್ಲಿಯೇ ಬಾಳಬೇಕು ಎಂಬ ಹಿರಿಯರ ಕಾಳಜಿ ಸಾಮಾನ್ಯವಾದುದಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ಸಂಶೋಧಕರು ವಿಚಾರಿಸಿದಾಗಲೂ ಸುಮಾರು ಮೂರರಲ್ಲೊಂದು ವಿವಾಹವು ರಕ್ತಸಂಬಂಧದ್ದಾಗಿತ್ತು.

ಆದರೆ ಬೀಜವು ಎರಡೂ ಕಡೆಯಿಂದ ಬರುವುದು. 1902ರಲ್ಲಿ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್, ಮೂತ್ರವು ಕಪ್ಪಾಗುವ ಅಪೂರ್ವ ವ್ಯಾಧಿಯುಳ್ಳ ಮಕ್ಕಳ ತಂದೆತಾಯಿಗಳಲ್ಲಿ ಹಲವರು ಒಡಹುಟ್ಟಿದವರ ಮಕ್ಕಳೆಂಬುದನ್ನು ಕಂಡು, ಮೆಂಡೆಲನ ಆನುವಂಶಿಕತೆಯ ನಿಯಮವು ಮನುಷ್ಯರೋಗಕ್ಕೂ ಅನ್ವಯಿಸುವುದೆಂದು ಸೂಚಿಸಿದನು. ಇಂಥ ವ್ಯಾಧಿಯ ವಂಶವಾಹಿ ಒಂದೇ ಪ್ರತಿಯಲ್ಲಿದ್ದರೆ ಮನುಷ್ಯನು ನಿರೋಗಿ. ಎರಡೂ ಪ್ರತಿಗಳು ಕೆಟ್ಟವಾದರೆ ಮಾತ್ರ ರೋಗಿ. ಯಾವುದೇ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಬ್ಬನೇ ಪೂರ್ವಿಕನಿಂದ ಬಂದಿರುವ ಸಂಭವವು ಸೋದರಮಾವ-ಸೋದರಸೊಸೆಯರ ಮಗುವಿನಲ್ಲಿ ಎಂಟರಲ್ಲೊಂದು, ಅತ್ತೆ-ಮಾವಂದಿರ ಮಕ್ಕಳ ಸಂತಾನದಲ್ಲಿ ಹದಿನಾರರಲ್ಲೊಂದು. ಬೆಡಗಿನ ಕಟ್ಟಳೆ ಕಾಯುತ್ತಿದ್ದುದು ಒಂದೇ ಬಾಗಿಲನ್ನು.

ಎಲ್ಲ ದೋಷವನ್ನೂ ಈ ರೂಢಿಗೆ ಹೊರಿಸುವುದೂ ಸಲ್ಲದು. 1970ರ ದಶಕದಲ್ಲಿ ಸಾಗರ ತಾಲ್ಲೂಕಿನಲ್ಲಿ ಬೆಳಕಿಗೆ ಬಂದ ಹಂದಿಗೋಡು ರೋಗವು ಕೀಲುಗಳನ್ನು ಕೆಡಿಸುವಂಥದು. ಅದು ಒಬ್ಬ ಪಾಲಕರಿಂದ ಬಂದ ಒಂದೇ ಪ್ರತಿಯಿಂದಲೂ ತಲೆದೋರುವುದೆಂದು ಸಂಶೋಧಕರ ನಿರ್ಣಯ. ಮಧುಮೇಹ, ರಕ್ತದೊತ್ತಡಗಳ ಕಥೆಯಂತೂ ಬೇರೆ: 1918ರಲ್ಲಿ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ತೋರಿದಂತೆ ಅನೇಕ ವಂಶವಾಹಿಗಳ ಅಲ್ಪಾಲ್ಪ ಪ್ರಭಾವಗಳು ಕೂಡಿ ಇಂಥ ಗುಣಗಳನ್ನು ರೂಪಿಸುವುವು; ಆಹಾರವೂ ದುಡಿಮೆಯೂ ವಯಸ್ಸೂ ಅವುಗಳೊಡನೆ ಸೇರುವುವು.

ಕುಂಟು, ಕಿವುಡು ಮಗು ಹುಟ್ಟಿದಾಗ ನಮ್ಮ ಹಳ್ಳಿಗಳು ತಾಯಿಯ ಕಾಲ್ಗುಣವನ್ನೇ ಜರೆದುವು. ಆಕೆ ಅದೇ ಮನೆಯ ಮೊಮ್ಮಗಳಾಗಿದ್ದರೂ ಅಪವಾದ ತಪ್ಪಲಿಲ್ಲ. ಎರಡೂ ಪ್ರತಿಗಳು ಕೆಟ್ಟು ಬರುವ ವ್ಯಾಧಿಯಲ್ಲಿ ಒಂದು ಪ್ರತಿಯನ್ನು ತಂದೆಯೇ ಕೊಟ್ಟಿರುವನೆಂಬ ಅರಿವು ಮದುವೆಗೆ ಮುನ್ನ ವೈದ್ಯರ ಸಲಹೆ ಕೇಳುವ ವಿವೇಕವನ್ನು ಕಲಿಸಲಿ. ಅದಕ್ಕಿಂತ ಮೊದಲು, ಆ ತಾಯಂದಿರನ್ನು ನಿರಪರಾಧಿಗಳೆಂದು ಒಪ್ಪಿಕೊಳ್ಳುವ ನ್ಯಾಯಬುದ್ಧಿಯನ್ನು ನಮಗೆ ಕೊಡಲಿ.