ನ್ಯೂಟ್ರಿಯಾ ಬೇಟೆಗೆ ನೈಟ್ ವಿಷನ್: ಗೋದಾವರಿ ತೀರದಲ್ಲಿ ಏಕೆ ಸಲ್ಲದು?

ನಾಸಿಕ್/ಛತ್ರಪತಿ ಸಂಭಾಜಿನಗರ: ಕತ್ತಲಲ್ಲೂ ಕಾಣಿಸುವ ನೈಟ್ ವಿಷನ್ ಬೈನಾಕ್ಯುಲರ್‌ಗಳು ಈಗ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಅವುಗಳೊಂದಿಗೆ ಅಮೆರಿಕದ ಜೌಗು ಪ್ರದೇಶಗಳಲ್ಲಿ ರಾತ್ರಿ ನ್ಯೂಟ್ರಿಯಾ ಬೇಟೆಯಾಡುವ ಕಥೆಗಳೂ ಮೊಬೈಲ್‌ಗೆ ಬರುತ್ತವೆ. ಆದರೆ ಗೋದಾವರಿ ತೀರದಲ್ಲಿ ಇದನ್ನು ಅನುಕರಿಸಲು ಹೊರಟರೆ ಜೈಲು ಸೇರಬೇಕಾದೀತು.

ನ್ಯೂಟ್ರಿಯಾ ದಕ್ಷಿಣ ಅಮೆರಿಕ ಮೂಲದ, ದೊಡ್ಡ ಹೆಗ್ಗಣದಂತೆ ಕಾಣುವ ದಂಶಕ. ತುಪ್ಪಳಕ್ಕಾಗಿ ಬೇರೆ ದೇಶಗಳಿಗೆ ಒಯ್ದು ಸಾಕಿದ್ದು, ತಪ್ಪಿಸಿಕೊಂಡು ಜೌಗಿನ ಗಿಡಗಳನ್ನು ಬೇರುಸಹಿತ ತಿಂದು ಹಾಕತೊಡಗಿತು. ಲೂಸಿಯಾನದಲ್ಲಿ ಸರ್ಕಾರವೇ ಒಂದು ಬಾಲಕ್ಕೆ 6 ಡಾಲರ್ ಕೊಡುತ್ತದೆ. ಆದರೂ ಬ್ರಿಟನ್ 1989ರಲ್ಲಿ ಇದರಿಂದ ಮುಕ್ತವಾದದ್ದು ಬೋನಿಟ್ಟು ಹಿಡಿದು, ರಾತ್ರಿ ದುರ್ಬೀನಿನಿಂದಲ್ಲ.

ನಾಸಿಕ್ ಜಿಲ್ಲೆಯ ನಾಂದೂರ್ ಮಧ್ಮೇಶ್ವರ, ಗೋದಾವರಿ ಮತ್ತು ಕಾದ್ವಾ ನದಿಗಳ ಸಂಗಮದಲ್ಲಿ ಕಟ್ಟಿದ ಅಣೆಕಟ್ಟಿನಿಂದ ಹುಟ್ಟಿದ ಜೌಗು. ಇದು ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣ. ಕೆಳಗೆ ಪೈಠಣದ ಬಳಿ ಜಾಯಕವಾಡಿ ಜಲಾಶಯದಲ್ಲೂ ಪಕ್ಷಿಧಾಮವಿದೆ. ಇಲ್ಲಿ ಕಾಡುಬೆಕ್ಕು, ಮುಂಗುಸಿ, ಚಿರತೆ ಕಂಡರೆ ಕಾಣಬಹುದು. ನ್ಯೂಟ್ರಿಯಾ ಇಲ್ಲಿನ ಪ್ರಾಣಿಯೇ ಅಲ್ಲ.

ಅಪಾಯ ಇರುವುದು ತಪ್ಪು ಗುರುತಿನಲ್ಲಿ. ಥರ್ಮಲ್ ಕ್ಯಾಮೆರಾ ಮೈಶಾಖವನ್ನು ತೋರಿಸುತ್ತದೆ, ಬಣ್ಣವನ್ನಲ್ಲ. ನ್ಯೂಟ್ರಿಯಾದ ಗುರುತಾದ ಕಿತ್ತಳೆ ಹಲ್ಲು ಅದರಲ್ಲಿ ಕಾಣದು. ನೀರಿನಲ್ಲಿ ಮುಳುಗಿದ ಮೈ ಕೂಡ ಕಾಣದು. ತಲೆಯಷ್ಟೇ ಬಿಳಿ ಚುಕ್ಕೆಯಾಗಿ ತೇಲುತ್ತದೆ. ಇನ್ಫ್ರಾರೆಡ್ ದೀಪ ಬಳಸುವ ಸಾಧನದಲ್ಲಿ ಮಂಜು ಮತ್ತು ಜೊಂಡು ಬೆಳಕನ್ನು ವಾಪಸ್ ಎಸೆದು ಚಿತ್ರವನ್ನೇ ಮಸುಕಾಗಿಸುತ್ತವೆ. ಭಾರತದ ನದಿಯಲ್ಲಿ ಹೀಗೆ ಈಜುವ ತಲೆ ನೀರುನಾಯಿಯದ್ದಾಗಿರಬಹುದು. ಬುಡದಲ್ಲಿ ದಪ್ಪಗಿದ್ದು ತುದಿಗೆ ಚೂಪಾಗುವ ಬಾಲ ಅದರ ಗುರುತು. ನ್ಯೂಟ್ರಿಯಾದ್ದು ಇಲಿಯಂತೆ ಸಣ್ಣ, ದುಂಡಗಿನ ಬಾಲ. ದಡಕ್ಕೆ ಬರುವವರೆಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

2022ರ ತಿದ್ದುಪಡಿಯ ನಂತರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರಲ್ಲಿ ನೀರುನಾಯಿ ಅನುಸೂಚಿ 1ರಲ್ಲಿದೆ. ಬೇಟೆಗೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಆಯುಧ ಹಿಡಿದು ಕಾಲಿಡುವುದೂ ಅಪರಾಧ. ಕರ್ನಾಟಕದಲ್ಲಂತೂ ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿಗೆಂದೇ ಮೀಸಲಿಡಲಾಗಿದೆ.

ಹಾಗಾದರೆ ರಾತ್ರಿ ಕ್ಯಾಮೆರಾ ನಿಷ್ಪ್ರಯೋಜಕವೇ? ಖಂಡಿತ ಅಲ್ಲ. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ಜನರ ಮೇಲೆರಗಿದ ತೋಳಗಳನ್ನು ಪತ್ತೆ ಹಚ್ಚಲು ಅರಣ್ಯ ಇಲಾಖೆ ಥರ್ಮಲ್ ಡ್ರೋನ್ ಬಳಸಿತ್ತು. ಕಬ್ಬಿನ ಗದ್ದೆಗಳೊಳಗೆ ಚಿರತೆ ಅಡಗುವ ನಾಸಿಕ್ ಭಾಗಕ್ಕೂ ಇದು ಉಪಯುಕ್ತ. ಆದರೆ ದಟ್ಟ ಎಲೆಗಳು ಶಾಖವನ್ನು ಮರೆಮಾಡುವುದರಿಂದ ಡ್ರೋನ್‌ನಲ್ಲಿ ಏನೂ ಕಾಣದಿದ್ದರೆ ಗದ್ದೆ ಖಾಲಿ ಎಂದು ನಂಬಿ ಒಳಗೆ ಹೋಗುವಂತಿಲ್ಲ.

ಅಪರಿಚಿತ ಪ್ರಾಣಿ ಕಂಡವರು ದೂರದಿಂದ ವಿಡಿಯೊ ಮಾಡಿ, ಜಾಗ ಮತ್ತು ಸಮಯ ಗುರುತಿಟ್ಟುಕೊಂಡು ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬಹುದು.